ಇಂಧನ ದುಬಾರಿ, ಟಿಕೆಟ್ ಅಗ್ಗ: ಹೊಸ ಏರ್‌ಲೈನ್ ಬದುಕೋದು ಹೇಗೆ?

2022ರ ಜೂನ್. ರಷ್ಯಾ-ಉಕ್ರೇನ್ ಯುದ್ಧ ಶುರುವಾಗಿ ನಾಲ್ಕು ತಿಂಗಳಾಗಿತ್ತು. ದೆಹಲಿಯಲ್ಲಿ ವಿಮಾನ ಇಂಧನದ, ಅಂದರೆ ಎಟಿಎಫ್‌ನ ಬೆಲೆ ಕಿಲೋಲೀಟರ್‌ಗೆ 1.41 ಲಕ್ಷ ರೂಪಾಯಿ ದಾಟಿ ದಾಖಲೆ ಬರೆಯಿತು. ಅದಾಗಿ ಎರಡು ತಿಂಗಳೂ ಕಳೆದಿರಲಿಲ್ಲ, ಆಗಸ್ಟ್ 7ರಂದು ಆಕಾಸ ಏರ್ ಅನ್ನೋ ಹೊಸ ಅಗ್ಗದ ದರದ ಏರ್‌ಲೈನ್ ಮುಂಬೈಯಿಂದ ಅಹಮದಾಬಾದ್‌ಗೆ ಮೊದಲ ವಿಮಾನ ಹಾರಿಸಿತು. ವಾರ ತುಂಬುವಷ್ಟರಲ್ಲಿ ಅದರ ದೊಡ್ಡ ಹೂಡಿಕೆದಾರ ರಾಕೇಶ್ ಝುಂಝುನ್ವಾಲಾ ತೀರಿಕೊಂಡರು.

ಇಂಥ ಗಳಿಗೆಯಲ್ಲಿ ಹುಟ್ಟಿದ ಕಂಪನಿ ಉಳಿಯುತ್ತಾ? ಜ್ಯೋತಿಷ್ಯ ಬೇಡ, ಲೆಕ್ಕ ಹಾಕೋಣ.

ಒಂದು ವಿಮಾನ, ಒಂದು ಹಾರಾಟ

ಬೆಂಗಳೂರು-ದೆಹಲಿ ದೂರ ಸುಮಾರು 1,700 ಕಿ.ಮೀ. 186 ಸೀಟಿನ ಹೊಸ ತಲೆಮಾರಿನ ಬೋಯಿಂಗ್ ಅಥವಾ ಏರ್‌ಬಸ್ ಈ ದೂರಕ್ಕೆ ಹತ್ತಿರತ್ತಿರ 6,300 ಲೀಟರ್ ಇಂಧನ ಕುಡಿಯುತ್ತದೆ ಅಂತಿಟ್ಟುಕೊಳ್ಳಿ. ಎಂಜಿನಿಯರಿಂಗ್ ಓದಿದ ತಪ್ಪಿಗೆ ನಾನೇ ಹಾಕಿದ ಒರಟು ಲೆಕ್ಕ ಇದು. ಗಾಳಿ, ತೂಕ ನೋಡಿಕೊಂಡು ಅತ್ತಿತ್ತ ಆಗುತ್ತದೆ.

ಲೀಟರ್‌ಗೆ 90 ರೂಪಾಯಿಯಾದರೆ ಇಂಧನಕ್ಕೇ 5.67 ಲಕ್ಷ. ಭಾರತದಲ್ಲಿ ಏರ್‌ಲೈನ್ ಒಂದರ ಒಟ್ಟು ಖರ್ಚಿನಲ್ಲಿ ಇಂಧನದ ಪಾಲು ಸಾಮಾನ್ಯವಾಗಿ ಶೇ 30ರಿಂದ 40. ಶೇ 40 ಅಂತ ಹಿಡಿದರೆ ಈ ಹಾರಾಟದ ಪೂರ್ತಿ ಖರ್ಚು ಸುಮಾರು 14 ಲಕ್ಷ. ಶೇ 85ರಷ್ಟು ಸೀಟು ತುಂಬಿದರೆ 158 ಪ್ರಯಾಣಿಕರು. ಅಲ್ಲಿಗೆ ತಲೆಗೆ ಹತ್ತಿರತ್ತಿರ 9 ಸಾವಿರ ರೂಪಾಯಿ.

ಈಗ ಇಂಧನ ಮಾತ್ರ 140 ರೂಪಾಯಿಗೆ ಏರಲಿ, ಉಳಿದದ್ದೆಲ್ಲ ಇದ್ದಂತೆಯೇ ಇರಲಿ. ಖರ್ಚು 17 ಲಕ್ಷ ದಾಟುತ್ತದೆ, ತಲೆಗೆ ಸುಮಾರು 11 ಸಾವಿರ ಬೀಳುತ್ತದೆ. ಆ ಹೆಚ್ಚುವರಿ 2 ಸಾವಿರವನ್ನು ಪ್ರಯಾಣಿಕನಿಂದ ವಸೂಲಿ ಮಾಡಬೇಕು, ಇಲ್ಲವೇ ಕಂಪನಿಯೇ ನುಂಗಿಕೊಳ್ಳಬೇಕು.

ವಸೂಲಿ ಮಾಡಬಹುದಲ್ಲ ಅಂತೀರಾ? ಪಕ್ಕದ ಕಂಪನಿ ಏರಿಸದಿದ್ದರೆ ನೀವು ಏರಿಸೋ ಹಾಗಿಲ್ಲ. ಮೊಬೈಲ್ ಪರದೆಯಲ್ಲಿ 200 ರೂಪಾಯಿ ಕಡಿಮೆ ಕಂಡದ್ದನ್ನೇ ನಾವೆಲ್ಲ ಒತ್ತೋದು. ಅಲ್ಲದೆ ಖಾಲಿ ಸೀಟು ಸಂಜೆಯ ಸಂತೆಯ ಟೊಮೆಟೊ ಇದ್ದಂತೆ; ವಿಮಾನ ಏರಿದ ಮೇಲೆ ಅದರ ಬೆಲೆ ಸೊನ್ನೆ. ಆ ಸೀಟಲ್ಲಿ ಒಬ್ಬರು ಕೂತರೆ ಇಂಧನದ ಖರ್ಚು ಹೆಚ್ಚುವುದು ಅಲ್ಪ. ಹಾಗಾಗಿ 3 ಸಾವಿರಕ್ಕಾದರೂ ಮಾರು ಅನ್ನುವ ಒತ್ತಡ ಎಲ್ಲ ಕಂಪನಿಗಳ ಮೇಲೂ ಇರುತ್ತದೆ. ಎಲ್ಲರೂ ಹಾಗೇ ಮಾರಿದಾಗ ಎಲ್ಲರೂ ಮುಳುಗುತ್ತಾರೆ. ಜೇಬು ಸಣ್ಣದಿರುವವರು ಮೊದಲು.

ತೆರಿಗೆ ಮೇಲೆ ತೆರಿಗೆ

ಎಟಿಎಫ್ ಇವತ್ತಿಗೂ ಜಿಎಸ್‌ಟಿ ವ್ಯಾಪ್ತಿಗೆ ಬಂದಿಲ್ಲ. ಕೇಂದ್ರದ ಅಬಕಾರಿ ಸುಂಕ ಶೇ 11. ಅದರ ಮೇಲೆ ರಾಜ್ಯಗಳ ವ್ಯಾಟ್: ಕೆಲವು ಕಡೆ ಶೇ 1, ತಮಿಳುನಾಡಿನಂಥ ಕಡೆ ಶೇ 29. ಜಿಎಸ್‌ಟಿ ಇದ್ದಿದ್ದರೆ ಕಟ್ಟಿದ ತೆರಿಗೆಯಲ್ಲಿ ಒಂದು ಪಾಲನ್ನು ಇನ್‌ಪುಟ್ ಕ್ರೆಡಿಟ್ ಅಂತ ಹೊಂದಿಸಿಕೊಳ್ಳಬಹುದಿತ್ತು. ಈಗ ಅದು ನೇರ ಖರ್ಚು. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ಸೇರಿದ್ದ ಜಿಎಸ್‌ಟಿ ಮಂಡಳಿಯ ಮುಂದೆ ವಿಷಯ ಬಂತು, ರಾಜ್ಯಗಳು ಒಪ್ಪಲಿಲ್ಲ. ಅವುಗಳ ಕಷ್ಟವೂ ಸುಳ್ಳಲ್ಲ. ಪೆಟ್ರೋಲ್, ಡೀಸೆಲ್, ಮದ್ಯ ಬಿಟ್ಟರೆ ರಾಜ್ಯಗಳು ತಾವೇ ದರ ನಿಗದಿ ಮಾಡಬಹುದಾದ ತೆರಿಗೆ ಮೂಲಗಳು ಬಹಳ ಉಳಿದಿಲ್ಲ.

ಇದರ ಜೊತೆಗೆ ಡಾಲರ್ ಇದೆ. ವಿಮಾನದ ಬಾಡಿಗೆ, ಎಂಜಿನ್ ರಿಪೇರಿ, ಬಿಡಿಭಾಗ ಎಲ್ಲಕ್ಕೂ ಡಾಲರ್ ಕೊಡಬೇಕು; ಟಿಕೆಟ್ ಮಾರೋದು ರೂಪಾಯಿಗೆ. ಆಕಾಸ ಹಾರಿದ ತಿಂಗಳು ಡಾಲರ್ ಬೆಲೆ 80 ರೂಪಾಯಿ ಆಸುಪಾಸಿನಲ್ಲಿತ್ತು. 2025ರ ಡಿಸೆಂಬರ್‌ನಲ್ಲಿ 90 ದಾಟಿತು. ಕಚ್ಚಾ ತೈಲ ಅಗ್ಗವಾದರೂ ರೂಪಾಯಿ ಬಿದ್ದರೆ ಲಾಭದ ಒಂದಷ್ಟು ಪಾಲು ಅಲ್ಲೇ ಸೋರಿಹೋಗುತ್ತದೆ.

ನಮ್ಮೂರಿನ ಪಾಠ: ಏರ್ ಡೆಕ್ಕನ್

ಈ ಕಥೆಯ ಮೊದಲ ಅಧ್ಯಾಯ ಬೆಂಗಳೂರಿನದ್ದೇ. ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಶುರು ಮಾಡಿದರು. ಹುಬ್ಬಳ್ಳಿಯಂಥ ಊರಿಗೂ ವಿಮಾನ, ಒಂದು ರೂಪಾಯಿ ಟಿಕೆಟ್, ಲಾಂಛನವಾಗಿ ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯ.

ಶುರುವಿನ ಜಾಣತನ ಜನರಿಗೆ ಅಷ್ಟು ಗೊತ್ತಿಲ್ಲ. ಅವರು ಆರಂಭಿಸಿದ್ದು ಎಟಿಆರ್ ಎಂಬ ಸಣ್ಣ ಪ್ರೊಪೆಲ್ಲರ್ ವಿಮಾನಗಳಿಂದ. ಇವು ಜೆಟ್‌ಗಿಂತ ಕಡಿಮೆ ಇಂಧನ ಸುಡುತ್ತವೆ. ಜೊತೆಗೆ ಇಂಥ ಸಣ್ಣ ವಿಮಾನಗಳ ಇಂಧನಕ್ಕೆ ಮಾರಾಟ ತೆರಿಗೆ ಶೇ 4ಕ್ಕೆ ಮಿತಿ, 80ಕ್ಕಿಂತ ಕಡಿಮೆ ಸೀಟಿನ ವಿಮಾನಕ್ಕೆ ಲ್ಯಾಂಡಿಂಗ್ ಶುಲ್ಕ ಇಲ್ಲ. ನಿಯಮದ ಒಳಗೇ ಒಂದು ಕಿಟಕಿ ತೆರೆದಿತ್ತು, ಡೆಕ್ಕನ್ ಅದರಲ್ಲಿ ನುಗ್ಗಿತು.

ಆಮೇಲೆ ಏರ್‌ಬಸ್‌ಗಳು ಬಂದವು, ವಿಸ್ತರಣೆ ಓಡಿತು, ನಷ್ಟವೂ ಬೆಳೆಯಿತು. 2007ರಲ್ಲಿ ಕಿಂಗ್‌ಫಿಷರ್ ಪಾಲು ಖರೀದಿಸಿತು. 2008ರ ಜುಲೈನಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತು. ಮರುತಿಂಗಳೇ ಡೆಕ್ಕನ್ ಹೆಸರು ಅಳಿಸಿ ‘ಕಿಂಗ್‌ಫಿಷರ್ ರೆಡ್’ ಆಯಿತು. ವಿಚಿತ್ರ ಅಂದರೆ ಅದೇ ವರ್ಷದ ಡಿಸೆಂಬರ್‌ಗೆ ತೈಲ 40 ಡಾಲರ್‌ಗಿಂತ ಕೆಳಗಿಳಿದಿತ್ತು. ಆದರೂ ಕಿಂಗ್‌ಫಿಷರ್ ಚೇತರಿಸಿಕೊಳ್ಳಲಿಲ್ಲ, 2012ರ ಅಕ್ಟೋಬರ್‌ನಲ್ಲಿ ನಿಂತಿತು.

ಇಂಧನ ಬೆಲೆ ಒಬ್ಬಂಟಿಯಾಗಿ ಏರ್‌ಲೈನ್ ಕೊಲ್ಲೋದು ಅಪರೂಪ. ಮೊದಲೇ ಸೊರಗಿರುವ ಕಂಪನಿಗೆ ಅದು ಕೊನೆಯ ಜ್ವರ, ಅಷ್ಟೇ. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ಸಾಲದಿಂದ ನಿಂತಿತು. ಗೋ ಫಸ್ಟ್ 2023ರ ಮೇನಲ್ಲಿ ದಿವಾಳಿ ಅರ್ಜಿ ಹಾಕಿದಾಗ ದೂರಿದ್ದು ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್‌ಗಳನ್ನು.

ಹಾಗಾದರೆ ಇಂಡಿಗೋ?

ಅದೇ ದೇಶ, ಅದೇ ತೆರಿಗೆ, ಅದೇ ತೈಲ. 2006ರ ಆಗಸ್ಟ್‌ನಲ್ಲಿ ಶುರುವಾದ ಇಂಡಿಗೋ 2008ರ ಬಿರುಗಾಳಿಯನ್ನೂ ದಾಟಿತು. ಮೊದಲ ವಿಮಾನ ಹಾರುವ ಮುಂಚೆಯೇ, 2005ರಲ್ಲಿ, ಒಟ್ಟಿಗೆ 100 ಏರ್‌ಬಸ್‌ಗಳಿಗೆ ಆರ್ಡರ್ ಕೊಟ್ಟಿತ್ತು. ಸಗಟು ಖರೀದಿ ಅಂದರೆ ಸಗಟು ರಿಯಾಯಿತಿ. ವಿಮಾನ ಕೈಗೆ ಬಂದ ಕೂಡಲೇ ಲೀಸ್ ಕಂಪನಿಗೆ ಮಾರಿ, ಅದನ್ನೇ ಬಾಡಿಗೆಗೆ ಪಡೆಯೋದು ಅದರ ತಂತ್ರ. ಇದರಿಂದ ಸಾಲದ ಹೊರೆ ತಗ್ಗಿತು, ಕೈಯಲ್ಲಿ ನಗದು ಉಳಿಯಿತು. ಬಹುಕಾಲ ಒಂದೇ ಬಗೆಯ ವಿಮಾನ ಇಟ್ಟುಕೊಂಡಿದ್ದರಿಂದ ಪೈಲಟ್ ತರಬೇತಿ, ಬಿಡಿಭಾಗದ ದಾಸ್ತಾನು ಎಲ್ಲ ಸರಳ.

ಆಕಾಸ ಲೆಕ್ಕಪುಸ್ತಕ ಏನು ಹೇಳುತ್ತೆ?

ಆಕಾಸ ಹಿಡಿದದ್ದೂ ಇದೇ ದಾರಿ. ಒಂದೇ ಬಗೆಯ ಬೋಯಿಂಗ್ 737 ಮ್ಯಾಕ್ಸ್. ಮೊದಲು 72, ಆಮೇಲೆ 4, 2024ರ ಜನವರಿಯಲ್ಲಿ ಮತ್ತೆ 150. ಒಟ್ಟು 226 ವಿಮಾನಗಳಿಗೆ ಆರ್ಡರ್.

2022-23ರಲ್ಲಿ ಆದಾಯ ಸುಮಾರು 778 ಕೋಟಿ, ನಷ್ಟ 744 ಕೋಟಿ. 2023-24ರಲ್ಲಿ ಆದಾಯ 3,144 ಕೋಟಿ, ನಷ್ಟ 1,670 ಕೋಟಿ. ನಷ್ಟ ದುಪ್ಪಟ್ಟಾಯಿತು ಅಂತ ಶೀರ್ಷಿಕೆ ಬರೆಯಬಹುದು. ಆದರೆ ಇನ್ನೊಂದು ಬಗೆಯಲ್ಲೂ ನೋಡಿ: ಮೊದಲ ವರ್ಷ 100 ರೂಪಾಯಿ ದುಡಿಯಲು 196 ಖರ್ಚಾಗುತ್ತಿತ್ತು, ಎರಡನೇ ವರ್ಷ 153. ದಿಕ್ಕು ಸರಿಯಿತ್ತು.

ಎಡವಟ್ಟಾಗಿದ್ದು ಆಮೇಲೆ. 2024ರ ಜನವರಿಯಲ್ಲಿ ಅಮೆರಿಕದ ಅಲಾಸ್ಕಾ ಏರ್‌ಲೈನ್ಸ್‌ನ 737 ಮ್ಯಾಕ್ಸ್ ಒಂದರ ಬಾಗಿಲಿನ ಪ್ಲಗ್ ಹಾರಾಟದ ನಡುವೆಯೇ ಕಿತ್ತುಹೋಯಿತು. ಬೋಯಿಂಗ್ ಉತ್ಪಾದನೆ ನಿಧಾನವಾಯಿತು. ಅದೇ ವರ್ಷ ಕಾರ್ಮಿಕರ ಮುಷ್ಕರ ಬೇರೆ. ಮೊದಲ ವರ್ಷದಲ್ಲೇ 20 ವಿಮಾನ ಪಡೆದ ಆಕಾಸಗೆ ಮುಂದಿನ ಎರಡು ವರ್ಷದಲ್ಲಿ ಸಿಕ್ಕಿದ್ದು ಸುಮಾರು 10. ಬರುವ ವಿಮಾನ ನಂಬಿ ನೇಮಿಸಿಕೊಂಡ ಪೈಲಟ್‌ಗಳಲ್ಲಿ ಹಲವರು ಹಾರಾಟವಿಲ್ಲದೆ ಕೂರುವಂತಾಯಿತು. 2024-25ರಲ್ಲಿ ತೆರಿಗೆಗೆ ಮುಂಚಿನ ನಷ್ಟ 1,983 ಕೋಟಿ. ಅಂದರೆ ಬಿಲ್ಲಿನಲ್ಲಿ ಇಂಧನ ದೊಡ್ಡ ಸಾಲು ನಿಜ, ಆದರೆ ಈ ಕಂಪನಿಯ ಕಾಲಿಗೆ ತೊಡಕಾಗಿದ್ದು ಬಾರದ ವಿಮಾನ.

ಹಾಗಿದ್ದೂ ಹಣ ಬರುತ್ತಿದೆ. 2025ರಲ್ಲಿ ಹೂಡಿಕೆ ಮಾಡಿದವರಲ್ಲಿ ಅಜೀಂ ಪ್ರೇಮ್‌ಜಿಯವರ ಪ್ರೇಮ್‌ಜಿ ಇನ್ವೆಸ್ಟ್ ಮತ್ತು ಮಣಿಪಾಲದ ರಂಜನ್ ಪೈ ಅವರ ಕ್ಲೇಪಾಂಡ್ ಕ್ಯಾಪಿಟಲ್ ಇವೆ.

ಹೊಸ ಏರ್‌ಲೈನ್ ಅಳೆಯಲು ನಾಲ್ಕು ಪ್ರಶ್ನೆ

1. ಕೈಯಲ್ಲಿ ನಗದೆಷ್ಟು? ಇಂಧನ ಒಂದೂವರೆ ಪಟ್ಟಾದರೂ ಕನಿಷ್ಠ ಒಂದು ವರ್ಷ ತಡೆದುಕೊಳ್ಳುವಷ್ಟಿದೆಯಾ?

2. ವಿಮಾನ ದಿನಕ್ಕೆ ಎಷ್ಟು ಗಂಟೆ ಹಾರುತ್ತಿದೆ? ನಿಂತರೂ ಬಾಡಿಗೆ ಓಡುತ್ತದೆ. 12 ಗಂಟೆ ಹಾರಿದರೆ ಬದುಕು, 8ಕ್ಕೆ ಇಳಿದರೆ ಕಷ್ಟ.

3. ಬೆಳಿಗ್ಗೆ, ಸಂಜೆಯ ಸ್ಲಾಟ್ ಸಿಕ್ಕಿದೆಯಾ? ಹೆಚ್ಚು ದುಡ್ಡು ಕೊಡುವ ಕಚೇರಿ ಪ್ರಯಾಣಿಕರು ಮಧ್ಯರಾತ್ರಿ ಹಾರಲ್ಲ.

4. ಸಂಬಳ, ವಿಮಾನ ನಿಲ್ದಾಣದ ಬಾಕಿ, ಪಿಎಫ್ ಸಮಯಕ್ಕೆ ಕಟ್ಟುತ್ತಿದೆಯಾ? ಕಿಂಗ್‌ಫಿಷರ್, ಜೆಟ್ ಎರಡರಲ್ಲೂ ಮೊದಲು ನಿಂತದ್ದು ಸಂಬಳ, ಆಮೇಲೆ ವಿಮಾನ.

ನಮಗ್ಯಾಕೆ ಈ ತಲೆನೋವು?

ಯಾರೋ ಶ್ರೀಮಂತರ ದುಡ್ಡು ಮುಳುಗಿದರೆ ನಮಗೇನು ಅನ್ನಿಸಬಹುದು. 2025ರ ಡಿಸೆಂಬರ್ ನೆನಪು ಮಾಡಿಕೊಳ್ಳಿ. ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ಸರಿಯಾಗಿ ತಯಾರಾಗದೆ ಇಂಡಿಗೋ ಸಾವಿರಾರು ಹಾರಾಟ ರದ್ದು ಮಾಡಿತು. ದೇಶದೊಳಗಿನ ಪ್ರಯಾಣಿಕರಲ್ಲಿ ಶೇ 60ಕ್ಕಿಂತ ಹೆಚ್ಚು ಜನರನ್ನು ಒಯ್ಯುವ ಕಂಪನಿ ಎಡವಿದರೆ ಪರ್ಯಾಯ ಎಲ್ಲಿಂದ ಬರಬೇಕು? ಉಳಿದ ಟಿಕೆಟ್‌ಗಳ ಬೆಲೆ ಗಗನಕ್ಕೇರಿ, ಕೊನೆಗೆ ಸರ್ಕಾರವೇ ದರಕ್ಕೆ ಮಿತಿ ಹಾಕಬೇಕಾಯಿತು.

ಹಾಗಾಗಿ ಮೂರನೆಯ, ನಾಲ್ಕನೆಯ ಏರ್‌ಲೈನ್ ಉಳಿಯೋದು ನಮ್ಮ ಜೇಬಿನ ಪ್ರಶ್ನೆಯೂ ಹೌದು. ಅದು ಮುಳುಗಿದರೆ ಬೀದಿಗೆ ಬೀಳೋದು ಸಾವಿರಾರು ನೌಕರರು; ರೀಫಂಡ್‌ಗಾಗಿ ಸಾಲಗಾರರ ಪಟ್ಟಿಯ ಬಾಲದಲ್ಲಿ ನಿಲ್ಲೋದು ಟಿಕೆಟ್ ಕೊಂಡ ನಾವು.

ನನ್ನ ಅಂದಾಜು ಕೇಳಿದರೆ: ದುಬಾರಿ ಇಂಧನದ ನಡುವೆಯೂ ಹೊಸ ಅಗ್ಗದ ಏರ್‌ಲೈನ್ ಬದುಕಬಹುದು. ಆದರೆ ಅಗ್ಗವಾಗಿರಬೇಕಾದ್ದು ಅದರ ಖರ್ಚು. ಬರೀ ಟಿಕೆಟ್ ಅಗ್ಗವಾದರೆ ಸಾಲದು. ವಿಮಾನ ಹೊತ್ತಿಗೆ ಸರಿಯಾಗಿ ಬಂದು, ನಷ್ಟ ಹೊರುವ ಹೂಡಿಕೆದಾರರು ನಾಲ್ಕೈದು ವರ್ಷ ತಾಳ್ಮೆಯಿಂದಿದ್ದರೆ ಆಕಾಸಗೆ ಅವಕಾಶವಿದೆ. ಎಟಿಎಫ್ ಜಿಎಸ್‌ಟಿಗೆ ಬಂದರೆ ಆ ಅವಕಾಶ ಇನ್ನಷ್ಟು ಹಿಗ್ಗುತ್ತದೆ. ಅಲ್ಲಿಯವರೆಗೆ ತಿಂಗಳ 1ನೇ ತಾರೀಖು ಸಂಬಳದ ಮೆಸೇಜ್ ನೋಡುವಾಗ ಎಟಿಎಫ್ ದರದ ಸುದ್ದಿಯ ಮೇಲೂ ಒಮ್ಮೆ ಕಣ್ಣಾಡಿಸಿ. ದಸರೆಗೆ ಊರಿಗೆ ಹೋಗುವ ಟಿಕೆಟ್ ಬೆಲೆಯ ಒಂದು ಪಾಲು ಅಲ್ಲೇ ತೀರ್ಮಾನವಾಗಿರುತ್ತದೆ.