ಎಂಟು ಸೆಕೆಂಡು, ಎರಡು ಕನ್ನಡಕ

ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಬಳ್ಳಾರಿ ರಸ್ತೆಯಲ್ಲಿ ಏರ್‌ಪೋರ್ಟ್ ಕಡೆ ಹೋಗಿದ್ದರೆ ನೀವೂ ಅವರನ್ನು ನೋಡಿರ್ತೀರಿ. ಮೈಗಂಟಿದ ಬಣ್ಣದ ಜರ್ಸಿ, ತಲೆಗೆ ಹೆಲ್ಮೆಟ್ಟು, ಅರ್ಧ ಮುಖ ಮುಚ್ಚುವಂಥ ಮಿರಮಿರ ಹೊಳೆಯೋ ಕನ್ನಡಕ. ನಂದಿ ಬೆಟ್ಟ ಹತ್ತೋಕೆ ಹೊರಟ ಸಾಫ್ಟ್‌ವೇರ್ ಜನ. ನಮ್ಮ ಟೀಮಿನಲ್ಲೇ ಮೂವರಿದ್ದಾರೆ. ಅವರಲ್ಲೊಬ್ಬ ಕ್ಯಾಂಟೀನಿನಲ್ಲಿ ತನ್ನ ಹೊಸ ಕನ್ನಡಕದ ಬೆಲೆ ಹೇಳಿದ. ಹದಿನೆಂಟು ಸಾವಿರ! ನಾನು ಪಿಯುಸಿಗೆ ಹೋಗುವಾಗ ಅಪ್ಪ ಕೊಡಿಸಿದ ಸೈಕಲ್ಲಿನ ಬೆಲೆ ಇದರ ಕಾಲು ಭಾಗವೂ ಇರಲಿಲ್ಲ. ಅದರಲ್ಲಿ ಬೆಲ್ಲು, ಕ್ಯಾರಿಯರ್ರು, ಸ್ಟ್ಯಾಂಡು ಎಲ್ಲಾ ಸೇರಿತ್ತು :)

ಆಮೇಲೆ ಸುಮಾರು ದಿನ ಈ ಹದಿನೆಂಟು ಸಾವಿರದ ಹಿಂದೆ ಬಿದ್ದು ಓದಿದೆ. ಇಷ್ಟು ದುಡ್ಡು ಯಾತಕ್ಕೆ? ಲೆನ್ಸಿಗಾ, ಫ್ರೇಮಿಗಾ, ಹೆಸರಿಗಾ? ಉತ್ತರ ಹುಡುಕುತ್ತಾ ಹೋದರೆ ಒಳ್ಳೇ ಕಥೆಯೇ ಸಿಕ್ಕಿತು.

ಸೈಕಲ್ ರೇಸಿನವರು ಕನ್ನಡಕ ಹಾಕೋದು ಹೊಸದೇನಲ್ಲ. ಟೂರ್ ದ ಫ್ರಾನ್ಸ್ ಶುರುವಾಗಿದ್ದು 1903ರಲ್ಲಿ. ಆಗ ಫ್ರಾನ್ಸಿನ ರಸ್ತೆಗಳಿಗೆ ಡಾಂಬರಿರಲಿಲ್ಲ. 1920ರ ದಶಕದ ಫೋಟೋಗಳನ್ನು ನೋಡಿ: ಧೂಳು ಮೆತ್ತಿದ ಮುಖ, ಹೆಗಲ ಮೇಲೆ ಸುತ್ತಿಕೊಂಡ ಟೈರು, ಹಣೆಯ ಮೇಲಕ್ಕೆ ಏರಿಸಿದ ಗಾಗಲ್ಸು. ಅದು ಪಂಪು, ಸ್ಪ್ಯಾನರ್ ಇದ್ದ ಹಾಗೆ ಒಂದು ಸಲಕರಣೆ, ಅಷ್ಟೆ. ಯಾವ ಕಂಪನಿಯದು ಅಂತ ಯಾರೂ ಕೇಳುತ್ತಿರಲಿಲ್ಲ. ರಸ್ತೆಗೆ ಡಾಂಬರು ಬಂತು, ಗಾಗಲ್ಸು ಹೋಯಿತು. ಆಮೇಲೆ ಎಷ್ಟೋ ವರ್ಷ ರೇಸಿನವರು ಬರಿಗಣ್ಣಲ್ಲೇ ಓಡಿಸಿದರು. ಬಿಸಿಲು ಜಾಸ್ತಿ ಅನ್ನಿಸಿದವರು ಪೇಟೆಯಲ್ಲಿ ಎಲ್ಲರೂ ಹಾಕುವ ಮಾಮೂಲಿ ಕೂಲಿಂಗ್ ಗ್ಲಾಸ್ ಏರಿಸಿಕೊಳ್ಳುತ್ತಿದ್ದರು.

ಈಗ ಸೀದಾ ಕ್ಯಾಲಿಫೋರ್ನಿಯಾಕ್ಕೆ ಬನ್ನಿ. 1975, ಜಿಮ್ ಜನ್ನಾರ್ಡ್ ಅನ್ನೋ ಒಬ್ಬ ಮನುಷ್ಯ 300 ಡಾಲರ್ ಬಂಡವಾಳ ಹಾಕಿ ತನ್ನ ಗ್ಯಾರೇಜಿನಲ್ಲಿ ಒಂದು ಕಂಪನಿ ಶುರು ಮಾಡಿದ. ಅದಕ್ಕೆ ಇಟ್ಟಿದ್ದು ತನ್ನ ನಾಯಿಯ ಹೆಸರು, ಓಕ್ಲಿ. (ಇವತ್ತು ಸಾವಿರಾರು ರೂಪಾಯಿ ಕೊಟ್ಟು ಜನ ಮುಖದ ಮೇಲೆ ಬರೆಸಿಕೊಳ್ಳೋದು ಒಂದು ನಾಯಿಯ ಹೆಸರನ್ನ. ಪಾಪ, ಅದಕ್ಕೆ ಗೊತ್ತಿದ್ದಿದ್ರೆ ಎಷ್ಟು ಬಾಲ ಅಲ್ಲಾಡಿಸ್ತಿತ್ತೋ.) ಮೊದಲು ಮಾಡಿದ್ದು ಕನ್ನಡಕವನ್ನಲ್ಲ, ಮೋಟೋಕ್ರಾಸ್ ಬೈಕಿನ ಹ್ಯಾಂಡಲ್ ಗ್ರಿಪ್. ಬೆವರು ತಾಗಿದಷ್ಟೂ ಜಾರದೆ ಇನ್ನೂ ಗಟ್ಟಿಯಾಗಿ ಅಂಟುವ ಒಂದು ಥರದ ರಬ್ಬರ್ ಮಾಡಿದ್ದ. ಅದಕ್ಕೆ ಕೊಟ್ಟ ಹೆಸರು ‘ಅನಬ್ಟೇನಿಯಂ’. ‘ಬೇಕಾದ ಎಲ್ಲ ಗುಣವೂ ಇದೆ, ಆದರೆ ಎಲ್ಲೂ ಸಿಗೋದಿಲ್ಲ’ ಅನ್ನುವಂಥ ವಸ್ತುವಿಗೆ ಅಮೆರಿಕದ ಇಂಜಿನಿಯರುಗಳು ತಮಾಷೆಗೆ ಕರೆಯುತ್ತಿದ್ದ ಹೆಸರು ಅದು. ಇಂಜಿನಿಯರುಗಳ ಜೋಕನ್ನು ಪ್ಯಾಕೆಟ್ಟಿನ ಮೇಲೆ ಅಚ್ಚು ಹಾಕಿಸಿ ಮಾರಿದ ನೋಡಿ, ಆ ಬುದ್ಧಿಯಲ್ಲೇ ಮುಂದಿನ ಕಥೆಯೆಲ್ಲಾ ಇದೆ.

ಗ್ರಿಪ್ಪಿನಿಂದ ಜನ್ನಾರ್ಡ್ ಒಂದು ಪಾಠ ಕಲಿತಿದ್ದ. ಗ್ರಿಪ್ ಎಷ್ಟೇ ಚೆನ್ನಾಗಿದ್ದರೂ ಅದು ಕೈಯ ಕೆಳಗೆ ಅಡಗಿರುತ್ತೆ, ಯಾರಿಗೂ ಕಾಣಲ್ಲ. ಗಾಗಲ್ಸ್ ಹಾಗಲ್ಲ. ರೇಸಿನವನ ಫೋಟೋ ತೆಗೆದರೆ ಮೊದಲು ಬೀಳೋದೇ ಮುಖ, ಗಾಗಲ್ಸಿನ ಪಟ್ಟಿಯ ಮೇಲೆ ಹೆಸರು ಬರೆದರೆ ಪತ್ರಿಕೆಯಲ್ಲಿ ಪುಕ್ಕಟೆ ಜಾಹೀರಾತು. 1980ರಲ್ಲಿ ಮೋಟೋಕ್ರಾಸಿಗೆ ಗಾಗಲ್ಸ್ ತಂದ. 1984ರಲ್ಲಿ ಅದೇ ಗಾಗಲ್ಸಿನ ಹಿಂದಿನ ಪಟ್ಟಿ ತೆಗೆದು ಕಿವಿಗೆ ಕಡ್ಡಿ ಇಟ್ಟ ಹಾಗಿದ್ದ ‘ಐಶೇಡ್ಸ್’ ಬಂತು. ಎರಡು ಗಾಜಿನ ಬದಲು ಈ ಕಿವಿಯಿಂದ ಆ ಕಿವಿಯವರೆಗೆ ಬಾಗಿದ ಒಂದೇ ದೊಡ್ಡ ಲೆನ್ಸ್. ಫೋಟೋ ನೋಡಿದರೆ ನನಗಂತೂ ನಮ್ಮೂರಿನ ವೆಲ್ಡಿಂಗ್ ಶಾಪೇ ನೆನಪಾಗತ್ತೆ. ಅಂಥದ್ದನ್ನು ಧೈರ್ಯವಾಗಿ ಮುಖಕ್ಕೆ ಹಾಕಿಕೊಂಡವರಲ್ಲಿ ಗ್ರೆಗ್ ಲೆಮಾಂಡ್ ಅನ್ನೋ ಅಮೆರಿಕದ ಹುಡುಗನೂ ಒಬ್ಬ. 1986ರಲ್ಲಿ ಅವನು ಟೂರ್ ದ ಫ್ರಾನ್ಸ್ ಗೆದ್ದ. ಯುರೋಪಿನಾಚೆಯವನೊಬ್ಬ ಅದನ್ನು ಗೆದ್ದಿದ್ದು ಅದೇ ಮೊದಲು.

ಮುಂದಿನ ವರ್ಷ ಏಪ್ರಿಲ್‌ನಲ್ಲಿ ಲೆಮಾಂಡ್ ಬೇಟೆಗೆ ಹೋದಾಗ ಭಾವಮೈದುನನ ಕೈಯಲ್ಲಿದ್ದ ಬಂದೂಕಿನ ಗುಂಡು ಆಕಸ್ಮಿಕವಾಗಿ ಅವನಿಗೇ ತಗುಲಿತು. ಹತ್ತಾರು ಚರೆಗಳು ಮೈಯೊಳಗೆ ಹೊಕ್ಕವು. ಜೀವ ಉಳಿದಿದ್ದೇ ದೊಡ್ಡದು. ಕೆಲವು ಚರೆಗಳನ್ನು ತೆಗೆಯಲಾಗದೆ ಒಳಗೇ ಬಿಟ್ಟರು. ಎರಡು ವರ್ಷ ಅವನನ್ನು ಎಲ್ಲರೂ ಮರೆತೇಬಿಟ್ಟಿದ್ದರು.

ಆಮೇಲೆ ಬಂತು 1989ರ ಜುಲೈ 23. ಮೂರು ವಾರ, ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಓಡಿಸಿ ಕೊನೆಯ ದಿನಕ್ಕೆ ಬಂದಿದ್ದಾರೆ. ಬಾಕಿ ಇರೋದು ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿಲೋಮೀಟರ್, ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸಬೇಕು. ಮುಂದಿರೋದು ಫ್ರಾನ್ಸಿನ ಲೊರಾಂ ಫಿನ್ಯೋಂ, 50 ಸೆಕೆಂಡ್ ಅಂತರ. ಇಷ್ಟು ಚಿಕ್ಕ ದೂರದಲ್ಲಿ ಅದನ್ನು ತುಂಬೋದು ಆಗದ ಮಾತು ಅನ್ನೋದು ಹೆಚ್ಚಿನವರ ಲೆಕ್ಕ.

ಇಬ್ಬರ ಮುಖದ ಮೇಲೂ ಕನ್ನಡಕ ಇತ್ತು! ಫಿನ್ಯೋಂ ಹಾಕಿದ್ದು ದುಂಡನೆಯ ತಂತಿ ಫ್ರೇಮಿನ ಪವರ್ ಕನ್ನಡಕ. ಅದರಿಂದಾಗಿಯೇ ಅವನಿಗೆ ‘ಪ್ರೊಫೆಸರ್’ ಅಂತ ಅಡ್ಡಹೆಸರು. ತಲೆಗೆ ಹೆಲ್ಮೆಟ್ ಇಲ್ಲ, ಗಾಳಿಗೆ ಹಾರುವ ಜುಟ್ಟು. ಲೆಮಾಂಡ್ ತಲೆಗೆ ಹನಿಯಾಕಾರದ ಹೆಲ್ಮೆಟ್, ಕಣ್ಣಿಗೆ ಓಕ್ಲಿ, ಮೊಣಕೈಗಳನ್ನು ಒತ್ತಟ್ಟಿಗೆ ತಂದು ಮುಂದಕ್ಕೆ ಬಾಗಿ ಕೂರುವಂಥ ವಿಚಿತ್ರ ಹ್ಯಾಂಡಲ್. ಒಬ್ಬನದು ಕಣ್ಣು ಕಾಣಲಿ ಅಂತ ಹಾಕಿದ ಕನ್ನಡಕ, ಇನ್ನೊಬ್ಬನದು ಜನ ನೋಡಲಿ ಅಂತ ಮಾಡಿದ್ದು. ಗಂಟೆಗೆ ಸರಾಸರಿ 54.5 ಕಿಲೋಮೀಟರ್ ವೇಗದಲ್ಲಿ ಲೆಮಾಂಡ್ ಮುಗಿಸಿದ. ಫಿನ್ಯೋಂ ಅವನಿಗಿಂತ 58 ಸೆಕೆಂಡ್ ಹೆಚ್ಚು ತೆಗೆದುಕೊಂಡ. ಲೆಕ್ಕ ಹಾಕಿ... ಎಂಟು ಸೆಕೆಂಡ್! ಟೂರ್ ಇತಿಹಾಸದಲ್ಲಿ ಇದಕ್ಕಿಂತ ಕಡಿಮೆ ಅಂತರದ ಗೆಲುವು ಇಲ್ಲಿಯವರೆಗೂ ಇಲ್ಲ.

ಆ ಎಂಟು ಸೆಕೆಂಡಿನಲ್ಲಿ ಕನ್ನಡಕದ ಪಾಲೆಷ್ಟು? ನನ್ನ ಲೆಕ್ಕದಲ್ಲಿ ಏನೂ ಇಲ್ಲ. ಗಾಳಿಯನ್ನು ಸೀಳಿದ್ದು ಹ್ಯಾಂಡಲ್ಲು, ಹೆಲ್ಮೆಟ್ಟು. ಓಡಿಸಿದ್ದು ಮೈಯಲ್ಲಿ ಚರೆ ಇಟ್ಟುಕೊಂಡಿದ್ದ ಆ ಮನುಷ್ಯ. ಫಿನ್ಯೋಂಗೆ ಆ ದಿನ ಸೀಟಿನ ಜಾಗದಲ್ಲಿ ಹುಣ್ಣಾಗಿ ಕೂರಲಿಕ್ಕೂ ಆಗುತ್ತಿರಲಿಲ್ಲ ಅನ್ನೋದನ್ನೂ ಸೇರಿಸಿಕೊಳ್ಳಿ. ಆದರೆ ಫೋಟೋ ಅನ್ನೋದು ಇದನ್ನೆಲ್ಲಾ ಬಿಡಿಸಿ ಹೇಳಲ್ಲ. ಗೆದ್ದ ಮುಖ, ಮುಖದ ಮೇಲೊಂದು ಹೆಸರು. ಜನ್ನಾರ್ಡ್‌ಗೆ ಅಷ್ಟು ಸಾಕಿತ್ತು.

ಹಾಗಂತ ಇದೆಲ್ಲಾ ಬರೀ ಮೋಸ ಅಂದುಬಿಟ್ಟರೆ ಅದೂ ಸರಿಯಲ್ಲ. ಲೆನ್ಸ್ ಮಾಡೋದು ಪಾಲಿಕಾರ್ಬನೇಟ್ ಅನ್ನೋ ಪ್ಲಾಸ್ಟಿಕ್ಕಿನಿಂದ. 1953ರಲ್ಲಿ ಜರ್ಮನಿಯ ಬೇಯರ್‌ನಲ್ಲಿ ಹರ್ಮನ್ ಶ್ನೆಲ್, ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಡೇನಿಯಲ್ ಫಾಕ್ಸ್ ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲದ ಹಾಗೆ ಕಂಡುಹಿಡಿದ ವಸ್ತು. ಹಗುರ, ಕಲ್ಲು ಸಿಡಿದರೂ ಗಾಜಿನ ಹಾಗೆ ಚೂರಾಗಲ್ಲ, ಬಣ್ಣ ಇಲ್ಲದಿದ್ದರೂ ಅತಿನೇರಳೆ ಕಿರಣಗಳನ್ನು ಹೆಚ್ಚೂಕಡಿಮೆ ಪೂರ್ತಿ ತಡೆಯುತ್ತೆ. ಇಲ್ಲಿ ಗಮನಿಸಿ, ಈ ಗುಣ ಪ್ಲಾಸ್ಟಿಕ್ಕಿನದು, ಕಂಪನಿಯದಲ್ಲ. ಕಾರ್ಖಾನೆಯಲ್ಲಿ ಹಾಕುವ ನೂರಿನ್ನೂರು ರೂಪಾಯಿಯ ಸೇಫ್ಟಿ ಕನ್ನಡಕ ಪಾಲಿಕಾರ್ಬನೇಟಿನದ್ದಾದರೆ ಅದಕ್ಕೂ ಈ ಗುಣ ಇರತ್ತೆ. ಹಾಗಿದ್ರೆ ವ್ಯತ್ಯಾಸ ಎಲ್ಲಿ? ಲೆನ್ಸನ್ನು ಮುಖದ ಸುತ್ತ ಬಾಗಿಸಿದಾಗ ಬೆಳಕು ಓರೆಯಾಗಿ ಹೊಕ್ಕು ಸ್ವಲ್ಪ ಪಕ್ಕಕ್ಕೆ ಬಾಗತ್ತೆ, ನೀರಿನ ಲೋಟದಲ್ಲಿಟ್ಟ ಚಮಚ ಮುರಿದ ಹಾಗೆ ಕಾಣಲ್ವಾ, ಆ ಥರ. ಅದನ್ನು ಸರಿಪಡಿಸಲು ಲೆನ್ಸಿನ ದಪ್ಪವನ್ನು ನಡುವಿನಿಂದ ಅಂಚಿನವರೆಗೆ ಲೆಕ್ಕ ಹಾಕಿ ಕಡಿಮೆ ಮಾಡುತ್ತಾ ಹೋಗಬೇಕು. ಇಳಿಜಾರಿನಲ್ಲಿ ಅರವತ್ತರ ವೇಗದಲ್ಲಿ ಬರುವಾಗ ಹೊಂಡ ಎಲ್ಲಿದೆ ಅಂತ ಸರಿಯಾಗಿ ಕಾಣಬೇಕಲ್ಲ. ಮೂಗಿನ ಹತ್ತಿರ ಆ ಹಳೇ ಅನಬ್ಟೇನಿಯಂ ರಬ್ಬರನ್ನೇ ಇಟ್ಟಿದ್ದರಿಂದ ಬೆವರಿದರೂ ಕನ್ನಡಕ ಜಾರಲ್ಲ. ಇದು ನಿಜವಾದ ಇಂಜಿನಿಯರಿಂಗ್, ನಾನು ಒಪ್ಪುತ್ತೇನೆ. ಆದರೆ ಹದಿನೆಂಟು ಸಾವಿರದ್ದಲ್ಲ.

ಕರ್ನಾಟಕದಲ್ಲಿ ಸೈಕಲ್ ರೇಸಿನ ನಿಜವಾದ ತವರು ಬೆಂಗಳೂರಲ್ಲ, ವಿಜಯಪುರ-ಬಾಗಲಕೋಟೆಯ ಕಡೆ. ರಾಷ್ಟ್ರಮಟ್ಟದ ಪದಕ ತಂದ ಎಷ್ಟೋ ಹುಡುಗ ಹುಡುಗಿಯರು ಅಲ್ಲಿಯವರು. ಆ ಬಿಸಿಲು, ಆ ಧೂಳಿಗೆ ಕನ್ನಡಕ ಬೇಕೇ ಬೇಕು. ನಂದಿ ಬೆಟ್ಟದ ಬೆಳಗಿನ ಮಂಜಿಗಲ್ಲ!

ಮತ್ತೆ ಓಕ್ಲಿಗೆ ಬರೋಣ. ಗೆದ್ದವನ ಮುಖವನ್ನು ನಂಬಿ ವ್ಯಾಪಾರ ಮಾಡಿದರೆ ಗೆದ್ದವನು ಹೇಗೆ ಗೆದ್ದ ಅನ್ನೋದೂ ಕೊರಳಿಗೆ ಸುತ್ತಿಕೊಳ್ಳುತ್ತೆ. ಲೆಮಾಂಡ್ ನಂತರ ಆ ಜಾಗಕ್ಕೆ ಬಂದವನು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್. 1999ರಿಂದ 2005ರವರೆಗೆ ಏಳು ಸಲ ಟೂರ್, ಕಣ್ಣಿಗೆ ಓಕ್ಲಿ. 2001ರಲ್ಲಿ ಇದೇ ಲೆಮಾಂಡ್ ಆರ್ಮ್‌ಸ್ಟ್ರಾಂಗ್ ಮೇಲೆ ಬಹಿರಂಗವಾಗಿ ಅನುಮಾನ ವ್ಯಕ್ತಪಡಿಸಿ ದೊಡ್ಡ ವೈರ ಕಟ್ಟಿಕೊಂಡ. 2012ರ ಅಕ್ಟೋಬರ್ 22ರಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಆ ಏಳೂ ಪ್ರಶಸ್ತಿಗಳನ್ನು ಕಿತ್ತುಕೊಂಡಿತು. ಎಲ್ಲರೂ ಬಿಟ್ಟು ಹೋದ ಮೇಲೂ ಜೊತೆಗಿದ್ದ ಓಕ್ಲಿ ಅವತ್ತೇ ಕೈಬಿಟ್ಟಿತು.

ಅಷ್ಟರಲ್ಲಿ ಓಕ್ಲಿ ಜನ್ನಾರ್ಡ್ ಕೈಯಲ್ಲೂ ಇರಲಿಲ್ಲ. ನನಗೆ ತುಂಬಾ ಕುತೂಹಲ ಅನ್ನಿಸಿದ್ದು ಈ ಭಾಗ. ಮಿಲಾನಿನ ಅನಾಥಾಲಯದಲ್ಲಿ ಬೆಳೆದ ಲಿಯೊನಾರ್ಡೊ ಡೆಲ್ ವೆಕ್ಕಿಯೊ 1961ರಲ್ಲಿ ಇಟಲಿಯ ಅಗೋರ್ಡೊ ಅನ್ನೋ ಬೆಟ್ಟದೂರಿನಲ್ಲಿ ಕನ್ನಡಕದ ಬಿಡಿಭಾಗ ಮಾಡುವ ಲಕ್ಸೋಟಿಕಾ ಶುರು ಮಾಡಿದ. 1988ರಲ್ಲಿ ಅರ್ಮಾನಿ ಹೆಸರಿನಲ್ಲಿ ಕನ್ನಡಕ ಮಾಡುವ ಒಪ್ಪಂದ ಆಯಿತು. ಬಟ್ಟೆ ಹೊಲಿಯುವವನ ಹೆಸರು, ಕನ್ನಡಕ ಮಾಡೋದು ಇನ್ಯಾರೋ! ‘ಡಿಸೈನರ್ ಕನ್ನಡಕ’ ಅಂದರೆ ಬಹುಪಾಲು ಇದೇ. 1999ರಲ್ಲಿ ರೇಬಾನ್ ಕೊಂಡ. ಅಮೆರಿಕದಲ್ಲಿ ಪೆಟ್ರೋಲ್ ಬಂಕಿನ ಅಂಗಡಿಗಳಲ್ಲೂ ಅಗ್ಗಕ್ಕೆ ಸಿಗುವ ಮಟ್ಟಕ್ಕೆ ಇಳಿದಿತ್ತು ರೇಬಾನ್. ಡೆಲ್ ವೆಕ್ಕಿಯೊ ಅದನ್ನು ಸಾವಿರಾರು ಅಂಗಡಿಗಳಿಂದ ವಾಪಸ್ ತೆಗೆದು, ಗುಣಮಟ್ಟ ಸುಧಾರಿಸಿ, ಬೆಲೆ ಏರಿಸಿದ. ಸುಲಭವಾಗಿ ಸಿಗದಿದ್ದರೆ ಬೆಲೆ ತಾನಾಗೇ ಬರುತ್ತೆ ಅನ್ನೋದು ಅವನಿಗೆ ಚೆನ್ನಾಗಿ ಗೊತ್ತಿತ್ತು.

2001ರಲ್ಲಿ ಲಕ್ಸೋಟಿಕಾ ಸನ್‌ಗ್ಲಾಸ್ ಹಟ್ ಅಂಗಡಿ ಸರಣಿಯನ್ನೇ ಕೊಂಡಿತು. ಓಕ್ಲಿಯ ಅತಿ ದೊಡ್ಡ ಗಿರಾಕಿ ಅದೇ. ಸ್ವಲ್ಪ ದಿನದಲ್ಲೇ ಓಕ್ಲಿಗೆ ಕೊಡುತ್ತಿದ್ದ ಆರ್ಡರುಗಳು ಕಡಿತವಾದವು, ಷೇರು ನೆಲ ಕಚ್ಚಿತು. ಆ ವರ್ಷದ ಕೊನೆಗೆ ಏನೋ ರಾಜಿ ಆಯಿತು ಅನ್ನಿ. 2007ರಲ್ಲಿ ಸುಮಾರು 210 ಕೋಟಿ ಡಾಲರ್ ಕೊಟ್ಟು ಲಕ್ಸೋಟಿಕಾ ಓಕ್ಲಿಯನ್ನೇ ಕೊಂಡಿತು. ಟೂರ್ ಗೆದ್ದವರ ಮುಖ ಕಟ್ಟಿಕೊಟ್ಟ ಹೆಸರಿಗಿಂತ ಅಂಗಡಿಯ ಕಪಾಟು ಯಾರದ್ದು ಅನ್ನೋದೇ ದೊಡ್ಡದಾಯಿತು. ಅಂಗಡಿಯಲ್ಲಿ ರೇಬಾನ್ ಬೇಡ, ಓಕ್ಲಿ ಬೇಡ, ಪರ್ಸೋಲ್ ಕೊಡಿ ಅಂತ ಚೌಕಾಸಿ ಮಾಡುವ ಮನುಷ್ಯ ಮೂರೂ ಸಲ ಮಾತಾಡ್ತಿರೋದು ಒಬ್ಬನೇ ಧಣಿಯ ಹತ್ತಿರ. 2018ರಲ್ಲಿ ಆ ಕಂಪನಿ ಲೆನ್ಸ್ ಮಾಡುವ ಫ್ರಾನ್ಸಿನ ಎಸಿಲೋರ್ ಜೊತೆ ಸೇರಿಕೊಂಡಿತು. ಡೆಲ್ ವೆಕ್ಕಿಯೊ 2022ರಲ್ಲಿ ತೀರಿಕೊಂಡ.

ಕ್ಯಾಂಟೀನಿನ ಗೆಳೆಯನಿಗೆ ಇದನ್ನೆಲ್ಲಾ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ಇರಬಹುದು ಮಾರಾಯ, ಆದ್ರೆ ಇದನ್ನ ಹಾಕ್ಕೊಂಡ್ರೆ ಬೆಟ್ಟದ ಕೊನೇ ತಿರುವಲ್ಲಿ ಇಳಿದು ತಳ್ಳೋಕೆ ನಾಚಿಕೆ ಆಗತ್ತೆ, ಅದಕ್ಕೇ ತುಳೀತೀನಿ’ ಅಂದ. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನ ಹತ್ತಿರ ಇನ್ನೊಂದು ಪ್ಲಾನೂ ಇದೆ. 2025ರಲ್ಲಿ ಮೆಟಾ ಜೊತೆ ಸೇರಿ ಓಕ್ಲಿ ಹೆಸರಿನಲ್ಲಿ ಕ್ಯಾಮೆರಾ ಇರುವ ಕನ್ನಡಕ ಬಂತಲ್ಲ, ಸೈಕಲ್ ಓಡಿಸುವವರಿಗೆ ಅಂತ ಮೂಗಿನ ಮೇಲೇ ಕ್ಯಾಮೆರಾ ಇಟ್ಟಿದ್ದು, 499 ಡಾಲರಿನದು, ಅದರ ಮೇಲೆ ಕಣ್ಣು. ತಮಾಷೆ ಏನಂದ್ರೆ ಕನ್ನಡಕದ ಕಂಪನಿ ಮಾರುವ ಮೊದಲೇ ಜನ್ನಾರ್ಡ್ ಇಳಿದಿದ್ದೂ ಕ್ಯಾಮೆರಾಕ್ಕೇ. ಅವನು ಕಟ್ಟಿದ ರೆಡ್ ಸಿನಿಮಾ ಕ್ಯಾಮೆರಾ ಕಂಪನಿಯನ್ನು 2024ರಲ್ಲಿ ನಿಕಾನ್ ಕೊಂಡಿತು.