ಬೇಲಿಯೇ ಎದ್ದು ಹೊಲ ಮೇಯ್ದಾಗ



ಕೆಲವು ಕಾಯಿಲೆಗಳು ಮನೆತನದಲ್ಲೇ ಹರಿದುಬರುತ್ತವೆಂದು ನಮ್ಮ ಹಿರಿಯರೂ ಬಲ್ಲರು. ಅವು ಹೇಗೆ ಬರುತ್ತವೆಂದು ತಿಳಿಯಲು ಮಾತ್ರ ವಿಜ್ಞಾನಕ್ಕೆ ಬಹುಕಾಲ ಬೇಕಾಯಿತು. ಆನುವಂಶಿಕ ಮೇದೋಜೀರಕ ಗ್ರಂಥಿಯ ಉರಿಯೂತದ ಚರಿತ್ರೆ ಇದಕ್ಕೊಂದು ಒಳ್ಳೆಯ ನಿದರ್ಶನ.

1952ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಕಂಫರ್ಟ್ ಮತ್ತು ಸ್ಟೈನ್‌ಬರ್ಗ್ ಎಂಬ ಇಬ್ಬರು, ಒಂದೇ ಕುಟುಂಬದ ಹಲವರನ್ನು ಈ ರೋಗ ಕಾಡುತ್ತಿದ್ದುದನ್ನು ವಂಶವೃಕ್ಷದ ಸಮೇತ ಪ್ರಕಟಿಸಿದರು. ತಂದೆ ತಾಯಿಯರಲ್ಲಿ ಒಬ್ಬರಿಗೆ ಈ ದೋಷವಿದ್ದರೆ, ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ.

ದೋಷವಿರುವುದೆಲ್ಲಿ? ಉತ್ತರ ದೊರೆತದ್ದು 1996ರಲ್ಲಿ. ಪಿಟ್ಸ್‌ಬರ್ಗ್‌ನ ಡೇವಿಡ್ ವಿಟ್‌ಕಾಂಬ್ ಮತ್ತು ಸಂಗಡಿಗರು 7ನೆಯ ವರ್ಣತಂತುವಿನ ಒಂದು ವಂಶವಾಹಿಯಲ್ಲಿ ಅದನ್ನು ಗುರುತಿಸಿದರು. ಆಹಾರದ ಪ್ರೋಟೀನನ್ನು ಜೀರ್ಣಿಸುವ ಟ್ರಿಪ್ಸಿನ್ ಎಂಬ ಕಿಣ್ವವು ಗ್ರಂಥಿಯಲ್ಲಿ ನಿಷ್ಕ್ರಿಯ ರೂಪದಲ್ಲಿ ತಯಾರಾಗಿ, ಸಣ್ಣ ಕರುಳಿನಲ್ಲಿ ಚುರುಕುಗೊಳ್ಳುತ್ತದೆ. ಅಕಸ್ಮಾತ್ ಗ್ರಂಥಿಯಲ್ಲೇ ಚುರುಕಾದರೆ, ನಿರ್ದಿಷ್ಟ ಜಾಗದಲ್ಲಿ ತುಂಡರಿಸಿ ನಿರುಪಯುಕ್ತವಾಗುವ ಏರ್ಪಾಡಿದೆ. ಆ ಜಾಗದ ಆರ್ಜಿನೀನ್ ಎಂಬ ಅಮೈನೋ ಆಮ್ಲದ ಬದಲು ಹಿಸ್ಟಿಡೀನ್ ಬಂದರೆ ಈ ಏರ್ಪಾಡು ಕೆಡುತ್ತದೆ. ಆಗ ಬೇಲಿಯೇ ಎದ್ದು ಹೊಲ ಮೇಯ್ದಂತೆ, ಕಿಣ್ವ ತನ್ನ ಗ್ರಂಥಿಯನ್ನೇ ಜೀರ್ಣಿಸತೊಡಗುತ್ತದೆ.

ಪದೇ ಪದೇ ಗಾಯಗೊಂಡ ಅಂಗಾಂಶದಲ್ಲಿ ಜೀವಕೋಶಗಳು ದುರಸ್ತಿಗಾಗಿ ಮತ್ತೆ ಮತ್ತೆ ವಿಭಜಿಸುತ್ತವೆ. ಪ್ರತಿ ವಿಭಜನೆಯಲ್ಲೂ ಹೊಸ ತಪ್ಪು ನುಸುಳಲು ಅವಕಾಶವುಂಟು. ಕ್ಯಾನ್ಸರಿಗೆ ದಾರಿಯಾಗುವುದು ಹೀಗೆ. 1997ರಲ್ಲಿ ಲೋವೆನ್‌ಫೆಲ್ಸ್ ಮತ್ತಿತರರು 10 ದೇಶಗಳ 246 ರೋಗಿಗಳನ್ನು ಪರಿಶೀಲಿಸಿದಾಗ, ಈ ಗ್ರಂಥಿಯ ಕ್ಯಾನ್ಸರಿನ ಅಪಾಯ ಸಾಮಾನ್ಯರಿಗಿಂತ ಸುಮಾರು 50 ಪಟ್ಟು ಹೆಚ್ಚೆಂದು ಕಂಡುಬಂತು. 70ನೆಯ ವಯಸ್ಸಿನ ಹೊತ್ತಿಗೆ ಶೇಕಡ 40ರಷ್ಟು ಜನರಿಗೆ ಅದು ಬರಬಹುದೆಂದು ಅವರು ಅಂದಾಜು ಮಾಡಿದರು. 2018ರ ಅಮೆರಿಕದ ಅಧ್ಯಯನವೊಂದರಲ್ಲಿ ಈ ಪ್ರಮಾಣ ಇದಕ್ಕಿಂತ ಬಹಳ ಕಡಿಮೆ ಕಂಡಿತು.

ಹಾಗಾದರೆ ಹುಟ್ಟಿನಲ್ಲೇ ಹಣೆಬರಹ ಬರೆದಾಯಿತೇ? ಇಲ್ಲ. ಈ ದೋಷ ಹೊತ್ತ ಎಲ್ಲರಿಗೂ ಉರಿಯೂತ ಬರುವುದಿಲ್ಲ. ಉರಿಯೂತ ಬಂದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ. ಇನ್ನೊಂದು ಸಂಗತಿಯೂ ಇದೆ. 2001ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಈ ರೋಗಿಗಳು ಧೂಮಪಾನಿಗಳಾಗಿದ್ದರೆ ಕ್ಯಾನ್ಸರಿನ ಅಪಾಯ ಇಮ್ಮಡಿಯಾಗುತ್ತಿತ್ತು. ಅದು ಧೂಮಪಾನ ಮಾಡದವರಿಗಿಂತ ಸುಮಾರು 20 ವರ್ಷ ಮೊದಲೇ ಕಾಣಿಸಿಕೊಳ್ಳುತ್ತಿತ್ತು. ತಂದೆ ತಾಯಿಯರಿಂದ ಬಂದ ವಂಶವಾಹಿಯನ್ನು ನಾವು ಆರಿಸಿಕೊಂಡದ್ದಲ್ಲ. ಸಿಗರೇಟನ್ನು ಹಚ್ಚುವುದೋ ಬಿಡುವುದೋ ಎಂಬುದು ನಮ್ಮ ಕೈಯಲ್ಲೇ ಇದೆ.