ಪಿಕಪ್‌ನ ಎಳೆತ: ಒಂದು ಅಂಕಿಯ ಚರಿತ್ರೆ

2012ರ ಅಕ್ಟೋಬರ್‌ನಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯನ್ನು ಲಾಸ್ ಏಂಜಲಿಸ್‌ನ ಬೀದಿಗಳಲ್ಲಿ ಸಾಗಿಸಿ ಅಲ್ಲಿನ ವಿಜ್ಞಾನ ಕೇಂದ್ರಕ್ಕೆ ತಂದರು. ದಾರಿಯಲ್ಲಿ ಸಿಕ್ಕ ಹೆದ್ದಾರಿಯ ಮೇಲ್ಸೇತುವೆಯೊಂದರ ಮೇಲೆ ಅದನ್ನು ಎಳೆದದ್ದು ಟೊಯೊಟಾ ಟಂಡ್ರಾ ಎಂಬ ಪಿಕಪ್. ನೌಕೆ ಮತ್ತು ಅದನ್ನು ಹೊತ್ತ ಚಕ್ರದ ಚೌಕಟ್ಟು ಸೇರಿ ಸುಮಾರು 130 ಟನ್ ತೂಕ. ಆ ಪಿಕಪ್‌ಗೆ ಕಂಪನಿಯೇ ಗೊತ್ತುಮಾಡಿದ್ದ ಎಳೆತದ ಮಿತಿ 5 ಟನ್‌ಗೂ ಕಡಿಮೆ. ಏಳು ವರ್ಷಗಳ ನಂತರ ಫೋರ್ಡ್ ಕಂಪನಿ ತನ್ನ ಎಲೆಕ್ಟ್ರಿಕ್ ಎಫ್-150ರ ಪ್ರಾಯೋಗಿಕ ಗಾಡಿಯಿಂದ ಸುಮಾರು 450 ಟನ್ ತೂಗುವ ರೈಲು ಬೋಗಿಗಳನ್ನೇ ಎಳೆಸಿ ತೋರಿಸಿತು. ಎರಡೂ ಪ್ರದರ್ಶನಗಳು ನಿಜವೇ, ಕಣ್ಕಟ್ಟಲ್ಲ. ಆದರೆ 130 ಟನ್ ಎಳೆದ ಗಾಡಿಗೆ 5 ಟನ್‌ನ ಮಿತಿ ಏಕೆ ಎಂದು ಕೇಳಿಕೊಂಡರೆ, ಹಳೆಯ ಮತ್ತು ಹೊಸ ಪಿಕಪ್‌ಗಳ ಬಲವನ್ನು ಹೋಲಿಸುವ ಜನ ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ ಎಂಬುದು ಗೊತ್ತಾಗುತ್ತದೆ. ಎಳೆತದ ಸಾಮರ್ಥ್ಯವೆಂದು ಅಮೆರಿಕದಲ್ಲಿ ಅಚ್ಚಾಗುವ ಅಂಕಿ ಜಗ್ಗುವ ಬಲವನ್ನು ಅಳೆಯುವುದು ಅಲ್ಪಸ್ವಲ್ಪ ಮಾತ್ರ. ಅದು ಮುಖ್ಯವಾಗಿ ಅಳೆಯುವುದು ವೇಗ, ಶಾಖ ಮತ್ತು ಹತೋಟಿಗಳನ್ನು. ನೂರು ವರ್ಷಗಳಲ್ಲಿ ಪಿಕಪ್ ಗಳಿಸಿಕೊಂಡದ್ದೂ ಬಹುಪಾಲು ಇವನ್ನೇ.

ಸಮತಟ್ಟಾದ ನೆಲದಲ್ಲಿ ನಿಧಾನವಾಗಿ ಎಳೆಯುವುದು ಯಂತ್ರಕ್ಕೆ ಕಷ್ಟದ ಕೆಲಸವೇ ಅಲ್ಲ. ಮಂಡ್ಯದ ರಸ್ತೆಗಳಲ್ಲಿ 50 ಅಶ್ವಶಕ್ತಿಯ ಟ್ರ್ಯಾಕ್ಟರ್ ಎರಡೆರಡು ಟ್ರೈಲರ್ ತುಂಬ ಕಬ್ಬನ್ನು ಸಕ್ಕರೆ ಕಾರ್ಖಾನೆಗೆ ಎಳೆದುಕೊಂಡು ಹೋಗುವುದು ನಮಗೆ ಹೊಸದಲ್ಲ. ಅದರ ಎಂಟು ಪಟ್ಟು ಅಶ್ವಶಕ್ತಿಯ ಅಮೆರಿಕನ್ ಪಿಕಪ್‌ಗೆ ಅಷ್ಟು ಹೊರೆಯ ಅನುಮತಿ ಇರುವುದಿಲ್ಲ. ತಕ್ಕ ಗೇರ್ ಹಾಕಿ ವೇಗ ಬಿಟ್ಟುಕೊಟ್ಟರೆ ಸಣ್ಣ ಎಂಜಿನ್ ಕೂಡ ದೊಡ್ಡ ಭಾರವನ್ನು ಕದಲಿಸುತ್ತದೆ. ಅಶ್ವಶಕ್ತಿ ಬೇಕಾಗುವುದು ಆ ಭಾರವನ್ನು ಹೆದ್ದಾರಿಯ ವೇಗದಲ್ಲಿ, ಏರಿನಲ್ಲಿ, ಬೇಸಿಗೆಯ ನಡುಹಗಲಲ್ಲಿ, ಒಂದೇ ಸಮನೆ ಒಯ್ಯಬೇಕಾದಾಗ.

ಪಿಕಪ್ ಹುಟ್ಟಿದಾಗ ಅದರಿಂದ ಇಂಥ ನಿರೀಕ್ಷೆ ಯಾರಿಗೂ ಇರಲಿಲ್ಲ. ಫೋರ್ಡ್ ಕಂಪನಿ 1925ರಲ್ಲಿ ಮಾಡೆಲ್ ಟಿ ಕಾರಿನ ಹಿಂಬದಿಗೆ ಉಕ್ಕಿನ ತೊಟ್ಟಿ ಕೂರಿಸಿ 281 ಡಾಲರಿಗೆ ಮಾರಿತು. ಅದರ ಎಂಜಿನ್ 20 ಅಶ್ವಶಕ್ತಿಯದು. ಅಲ್ಲಿಂದ ಮುಂದೆ ಪಿಕಪ್‌ಗಳನ್ನು ಅರ್ಧ ಟನ್, ಮುಕ್ಕಾಲು ಟನ್, ಒಂದು ಟನ್ ಎಂದು ವಿಂಗಡಿಸಿದ್ದು ಬೆನ್ನ ಮೇಲೆ ಹೊರುವ ಹೊರೆಯ ಲೆಕ್ಕದಲ್ಲಿ, ಹಿಂದೆ ಕಟ್ಟಿ ಎಳೆಯುವ ಲೆಕ್ಕದಲ್ಲಲ್ಲ. ಯುದ್ಧ ಮುಗಿದ ಮೇಲೆ 1946ರಲ್ಲಿ ಬಂದ ಡಾಡ್ಜ್ ಪವರ್ ವ್ಯಾಗನ್ ನಾಲ್ಕೂ ಚಕ್ರಗಳಿಂದ ಜಗ್ಗುತ್ತಿತ್ತು. ಕಾಡು, ಕೆಸರುಗಳಲ್ಲಿ ಅದು ಗಳಿಸಿದ ಹೆಸರು ಇನ್ನೂ ಅಳಿದಿಲ್ಲ, ಎಂಜಿನ್ ಮಾತ್ರ 94 ಅಶ್ವಶಕ್ತಿಯದು. 1948ರ ಫೋರ್ಡ್ ಎಫ್-1ರಲ್ಲಿ ವಿ8 ಎಂಜಿನ್ ಕೊಡುತ್ತಿದ್ದದ್ದು 100 ಅಶ್ವಶಕ್ತಿ. ರಜೆಯ ದಿನಗಳಲ್ಲಿ ಏರ್‌ಸ್ಟ್ರೀಮ್‌ನಂಥ ಪ್ರವಾಸಿ ಟ್ರೈಲರುಗಳನ್ನು ಎಳೆಯುವ ಕೆಲಸ ಆಗ ದೊಡ್ಡ ಸೆಡಾನ್ ಕಾರುಗಳದಾಗಿತ್ತು. 1975ರ ಇಂಧನ ಕಾಯ್ದೆ 1978ರ ಮಾದರಿಗಳಿಂದ ಕಾರುಗಳ ಮೇಲೆ ಮೈಲೇಜಿನ ನಿಯಮ ಹೇರಿದಾಗ ಆ ಸೆಡಾನ್‌ಗಳು ಕುಗ್ಗತೊಡಗಿದವು. ಸಡಿಲ ನಿಯಮಗಳ ನೆರಳಿನಲ್ಲಿದ್ದ ಪಿಕಪ್, ಅವು ಬಿಟ್ಟ ಕೆಲಸಕ್ಕೆ ಹೆಗಲು ಕೊಟ್ಟಿತು. ರೈತನ ಗಾಡಿ ಕುಟುಂಬದ ಗಾಡಿಯಾದದ್ದು, ಜಾಹೀರಾತುಗಳಲ್ಲಿ ಎಳೆತದ ಅಂಕಿ ದಪ್ಪಕ್ಷರಗಳಿಗೆ ಏರಿದ್ದು ಇದರ ನಂತರ.

ಅಂಕಿಗಳನ್ನಷ್ಟೇ ನೋಡಿದರೆ ಮುಂದಿನ ಕಥೆ ಬೆರಗು ಹುಟ್ಟಿಸುತ್ತದೆ. ಡಾಡ್ಜ್ ಕಂಪನಿ 1989ರಲ್ಲಿ ತನ್ನ ಭಾರಿ ಪಿಕಪ್‌ಗಳಿಗೆ ಕಮಿನ್ಸ್‌ನ 5.9 ಲೀಟರ್ ಟರ್ಬೊ ಡೀಸೆಲ್ ಎಂಜಿನ್ ಕೂರಿಸಿದಾಗ ಅದು 160 ಅಶ್ವಶಕ್ತಿ, 540 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತಿತ್ತು. ಆ ಕಾಲಕ್ಕೆ ಅದು ದೊಡ್ಡ ಸುದ್ದಿ. 2023ರ ಫೋರ್ಡ್ ಸೂಪರ್ ಡ್ಯೂಟಿಯ ಬಲಿಷ್ಠ ಡೀಸೆಲ್ 500 ಅಶ್ವಶಕ್ತಿ, 1,600ಕ್ಕೂ ಮೇಲಿನ ಟಾರ್ಕ್ ಕೊಡುತ್ತದೆ. ಅದನ್ನು ಹೊತ್ತ ಎಫ್-450ರ ಗರಿಷ್ಠ ಎಳೆತ 18 ಟನ್. ಈ ಜಿಗಿತದ ಅರ್ಥ ತಿಳಿಯಲು ಅರಿಝೋನದ ಡೇವಿಸ್ ಅಣೆಕಟ್ಟಿನ ಬಳಿಯ ಏರುದಾರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಅಲ್ಲಿ 18 ಕಿಲೋಮೀಟರುಗಳಲ್ಲಿ ರಸ್ತೆ ಸುಮಾರು 900 ಮೀಟರ್ ಮೇಲೇರುತ್ತದೆ. ಪಿಕಪ್, ಟ್ರೈಲರ್ ಸೇರಿ 8 ಟನ್ ಎಂದಿಟ್ಟುಕೊಂಡರೆ, ಗಂಟೆಗೆ 64 ಕಿಲೋಮೀಟರ್ ವೇಗ ಕಾಯ್ದುಕೊಳ್ಳಲು ಆ ಭಾರವನ್ನು ಎತ್ತರಕ್ಕೇರಿಸುವ ಕೆಲಸವೊಂದೇ ಸರಾಸರಿ 90ಕ್ಕೂ ಹೆಚ್ಚು ಅಶ್ವಶಕ್ತಿ ತಿನ್ನುತ್ತದೆ. ಟಯರಿನ ಮತ್ತು ಗಾಳಿಯ ತಡೆ ಸೇರಿದರೆ 130ರ ಸುಮಾರಿಗೆ ಬರುತ್ತದೆ. 1948ರ ಎಫ್-1ಗೆ ಇದು ಆಗದ ಮಾತು. ವೇಗವನ್ನು ಅರ್ಧಕ್ಕಿಳಿಸಿದರೆ ಅದರ ಎಂಜಿನ್ ಕೂಡ ಈ ಭಾರಕ್ಕೆ ಸಾಕು. 1989ರ ಕಮಿನ್ಸ್ ಉಸಿರು ಬಿಗಿಹಿಡಿದು ಏರುತ್ತದೆ. 365 ಅಶ್ವಶಕ್ತಿಯ 2011ರ ಎಫ್-150 ಇಕೋಬೂಸ್ಟ್ ಸಲೀಸಾಗಿ ಏರುತ್ತದೆ. ಅಂದರೆ ಹಳೆಯದಕ್ಕೂ ಹೊಸದಕ್ಕೂ ಇರುವ ಮೊದಲ ವ್ಯತ್ಯಾಸ ಗುಡ್ಡದ ತುದಿ ಮುಟ್ಟುತ್ತದೆಯೇ ಎಂಬುದರಲ್ಲಿಲ್ಲ, ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂಬುದರಲ್ಲಿದೆ.

ಎರಡನೆಯ ವ್ಯತ್ಯಾಸ ಶಾಖದ್ದು. ಇಂಧನದ ಶಕ್ತಿಯಲ್ಲಿ ಚಕ್ರಕ್ಕೆ ತಲುಪುವುದು ಮೂರರಲ್ಲೊಂದು ಪಾಲಿನ ಆಸುಪಾಸು. ಉಳಿದದ್ದು ಹೊಗೆಕೊಳವೆಯಿಂದಲೂ ರೇಡಿಯೇಟರಿನಿಂದಲೂ ಹೊರಹೋಗಬೇಕು. ಹಳೆಯ ಗಾಡಿ ಏರಿನಲ್ಲಿ ತೆವಳುವಾಗ ರೇಡಿಯೇಟರಿಗೆ ಗಾಳಿಯೂ ಕಡಿಮೆ ಬೀಸುತ್ತದೆ. ನೀರು ಕುದಿದು ನಿಲ್ಲುತ್ತಿದ್ದ ಗಾಡಿಗಳಿಗೆ ಬಲದ ಕೊರತೆ ಇರಲಿಲ್ಲ, ತಣಿಸುವ ವ್ಯವಸ್ಥೆಯ ಕೊರತೆ ಇತ್ತು. ಇಳಿಜಾರಿನ ಲೆಕ್ಕ ಇನ್ನೂ ನಿಷ್ಠುರ. ಅದೇ 8 ಟನ್ 900 ಮೀಟರ್ ಕೆಳಗಿಳಿಯುವಾಗ ಸುಮಾರು ಎರಡು ಲೀಟರ್ ಪೆಟ್ರೋಲ್ ಉರಿದಷ್ಟು ಶಕ್ತಿಯನ್ನು ಎಲ್ಲಿಯಾದರೂ ಕಳೆದುಕೊಳ್ಳಲೇಬೇಕು. ಶಾಖವನ್ನು ಒಳಗೇ ಹಿಡಿದಿಟ್ಟುಕೊಳ್ಳುವ ಡ್ರಮ್ ಬ್ರೇಕ್ ಇದರ ಮುಂದೆ ಬೇಗ ಸೋಲುತ್ತದೆ. 1971ರಲ್ಲಿ ಜನರಲ್ ಮೋಟಾರ್ಸ್‌ನ ಪಿಕಪ್‌ಗಳ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂತು; 2005ರ ಫೋರ್ಡ್ ಸೂಪರ್ ಡ್ಯೂಟಿಯಲ್ಲಿ ಟ್ರೈಲರಿನ ಬ್ರೇಕನ್ನು ಚಾಲಕನ ಪೆಡಲಿಗೆ ಹೊಂದಿಸುವ ನಿಯಂತ್ರಕ ಕಾರ್ಖಾನೆಯಿಂದಲೇ ಜೋಡಣೆಯಾಗಿ ಬಂತು. ಎಂಜಿನ್ನಿನಿಂದಲೇ ತಡೆಯುವ ಗುಣ ಡೀಸೆಲ್‌ಗೆ ಸಹಜವಾಗಿ ಕಡಿಮೆ, 2007ರ 6.7 ಲೀಟರ್ ಕಮಿನ್ಸ್‌ನಲ್ಲಿ ಟರ್ಬೊವನ್ನೇ ಬಳಸಿ ಹೊಗೆಯ ದಾರಿಯನ್ನು ಬಿಗಿಹಿಡಿಯುವ ಎಕ್ಸಾಸ್ಟ್ ಬ್ರೇಕ್ ಅದನ್ನು ತುಂಬಿಕೊಟ್ಟಿತು. ಮೂರು ಗೇರುಗಳಿದ್ದ ಕಡೆ 2017ರ ಹೊತ್ತಿಗೆ ಎಫ್-150ರಲ್ಲಿ ಹತ್ತು ಗೇರುಗಳಾದವು. ಇವುಗಳಲ್ಲಿ ಒಂದೂ ಜಾಹೀರಾತಿನ ಗಂಡಸುತನಕ್ಕೆ ಒಗ್ಗುವ ವಿಷಯವಲ್ಲ. ಆದರೂ ಎಳೆತದ ಅಂಕಿಯನ್ನು ಮೇಲೇರಿಸಿದವುಗಳಲ್ಲಿ ಇವೂ ಎಂಜಿನ್ನಿನಷ್ಟೇ ಪಾಲುದಾರರು.

ಅಂಕಿಯ ಪ್ರಾಮಾಣಿಕತೆಯ ಪ್ರಶ್ನೆ ಇನ್ನೊಂದು. ಬಹುಕಾಲ ಪ್ರತಿ ಕಂಪನಿಯೂ ತನ್ನದೇ ಪರೀಕ್ಷೆ ನಡೆಸಿ ತನ್ನದೇ ಅಂಕಿ ಘೋಷಿಸುತ್ತಿತ್ತು. ಸೊಸೈಟಿ ಆಫ್ ಆಟೊಮೋಟಿವ್ ಎಂಜಿನಿಯರ್ಸ್ 2008ರಲ್ಲಿ ಜೆ2807 ಎಂಬ ಮಾನದಂಡ ಪ್ರಕಟಿಸಿತು. ಅದರ ಪ್ರಕಾರ ಗಾಡಿ 38 ಡಿಗ್ರಿ ಸೆಲ್ಸಿಯಸ್ ಬಿಸಿಲಿನಲ್ಲಿ, ಎ.ಸಿ. ಪೂರ್ತಿ ಹಾಕಿಕೊಂಡು, ಅದೇ ಡೇವಿಸ್ ಅಣೆಕಟ್ಟಿನ ಏರನ್ನು ಗಂಟೆಗೆ 64 ಕಿಲೋಮೀಟರಿಗಿಂತ ಕೆಳಗಿಳಿಯದೆ ಹತ್ತಬೇಕು. ಹಿಂದೆ ಜೋಡಿ ಚಕ್ರಗಳಿರುವ ಗಾಡಿಗೆ 56 ಸಾಕು. ಶೇ. 12ರ ಏರಿನಲ್ಲಿ ನಿಂತು ಮತ್ತೆ ಮತ್ತೆ ಹೊರಡಬೇಕು, ಅದೇ ಇಳಿಜಾರಿನಲ್ಲಿ ಕೈಬ್ರೇಕ್ ಹಿಡಿದು ನಿಲ್ಲಬೇಕು. ಟೊಯೊಟಾ 2011ರ ಮಾದರಿಗಳಿಗೆ ಇದನ್ನು ಮೊದಲು ಒಪ್ಪಿಕೊಂಡಿತು. ಟಂಡ್ರಾದ ಅಂಕಿ ಇಳಿಯಿತು. ಯಾರು ಮೊದಲು ಅಂಕಿ ಇಳಿಸಿಕೊಳ್ಳುವುದು ಎಂದು ಪರಸ್ಪರ ಕಾಯುತ್ತಿದ್ದ ಡೆಟ್ರಾಯಿಟ್‌ನ ಮೂರು ಕಂಪನಿಗಳ ಅರ್ಧ ಟನ್ ಪಿಕಪ್‌ಗಳು ಇದರಡಿ ಬಂದದ್ದು 2015ರ ಮಾದರಿಗಳ ಹೊತ್ತಿಗೆ. ಹೀಗಾಗಿ 2011ರ ಎಫ್-150ರ 5.1 ಟನ್ ಮತ್ತು ಅಲ್ಯೂಮಿನಿಯಂ ಮೈಯ 2015ರ ಎಫ್-150ರ 5.5 ಟನ್ ಒಂದೇ ತಕ್ಕಡಿಯ ತೂಕಗಳಲ್ಲ. ಅದಕ್ಕೂ ಹಿಂದಿನ ದಶಕಗಳ ಅಂಕಿಗಳನ್ನು ಇಂದಿನವುಗಳ ಪಕ್ಕಕ್ಕಿಟ್ಟು ಇಷ್ಟು ಪಟ್ಟು ಎಂದು ಗುಣಿಸುವುದಕ್ಕೆ ಅರ್ಥವೇ ಇಲ್ಲ.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದರಲ್ಲಿ ಹುರುಳಿಲ್ಲದಿಲ್ಲ. ಹಳೆಯ ಪಿಕಪ್‌ಗಳ ಕಬ್ಬಿಣ ದಪ್ಪ, ರಿಪೇರಿ ಸುಲಭ, ಅವು ಇಂದಿಗೂ ಹೊಲಗಳಲ್ಲಿ ದುಡಿಯುತ್ತಿವೆ; ಅಲ್ಯೂಮಿನಿಯಂ ತಗಡಿನ, ಕಂಪ್ಯೂಟರ್ ನಂಬಿದ ಗಾಡಿ ಅವುಗಳಿಗೆ ಸಾಟಿಯೇ ಎಂಬುದು ಆ ವಾದ. ಜೆ2807 ಬಾಳಿಕೆಯನ್ನು ಅಳೆಯುವುದಿಲ್ಲ ಎಂಬುದೂ ನಿಜ. ಒಂದು ದಿನ ಏರು ಹತ್ತಿದ ಗಾಡಿ ಹದಿನೈದು ವರ್ಷ ಹತ್ತೀತೇ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಆದರೆ ಬಾಳಿಕೆ ಬೇರೆ, ಸಾಮರ್ಥ್ಯ ಬೇರೆ. ದಪ್ಪ ಕಬ್ಬಿಣ ಗಾಡಿಯ ಸ್ವಂತ ತೂಕ ಹೆಚ್ಚಿಸುತ್ತದೆ, ಆ ತೂಕವನ್ನೂ ಎಂಜಿನ್ನೇ ಏರಿಸಬೇಕು, ಬ್ರೇಕೇ ಇಳಿಸಬೇಕು. ಹಳೆಯ ಗಾಡಿ ಬಾಳಿದ್ದಕ್ಕೆ ಒಂದು ಕಾರಣ ಅದನ್ನು ನಿಧಾನವಾಗಿ ದುಡಿಸಿದ್ದೂ ಇರಬಹುದು. ಇಂದಿನ ವೇಗದಲ್ಲಿ ಅದನ್ನು ದುಡಿಸಿದ್ದರೆ ಹೊಗಳಿಕೆ ಇಷ್ಟು ದೊಡ್ಡದಾಗುತ್ತಿರಲಿಲ್ಲ.

ಹಾಗೆಂದು ಹೊಸ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಟ್ರೈಲರಿನ ತೂಕದ ಶೇ. 10ರಿಂದ 15ರಷ್ಟು ಪಿಕಪ್‌ನ ಕೊಕ್ಕೆಯ ಮೇಲೆಯೇ ಕೂರುತ್ತದೆ. 5 ಟನ್ ಟ್ರೈಲರ್ ಕಟ್ಟಿದರೆ ಕನಿಷ್ಠ 500 ಕಿಲೊ ಅಲ್ಲಿಗೇ ಹೋಯಿತು. ಹೊರುವ ಮಿತಿ 700 ಕಿಲೊ ಇರುವ ಗಾಡಿಯಾದರೆ ಚಾಲಕ, ಹೆಂಡತಿ, ಮಕ್ಕಳು, ಸಾಮಾನಿಗೆ ಉಳಿಯುವುದು 200 ಕಿಲೊ. ಎಲೆಕ್ಟ್ರಿಕ್ ಪಿಕಪ್‌ಗಳು ಇದೇ ಪಾಠವನ್ನು ಇನ್ನೊಂದು ಬದಿಯಿಂದ ಹೇಳುತ್ತವೆ: 2022ರಲ್ಲಿ ಮಾರುಕಟ್ಟೆಗೆ ಬಂದ ಎಫ್-150 ಲೈಟ್ನಿಂಗ್‌ಗೆ ಟಾರ್ಕ್ ಬೇಕಾದಷ್ಟಿದೆ, 4.5 ಟನ್ ಎಳೆಯುವ ಅನುಮತಿಯೂ ಇದೆ, ಆದರೆ ಭಾರಿ ಟ್ರೈಲರ್ ಕಟ್ಟಿದರೆ ಒಮ್ಮೆ ಚಾರ್ಜ್ ಮಾಡಿ ಕ್ರಮಿಸಬಹುದಾದ ದೂರ ಅರ್ಧದಷ್ಟಕ್ಕೆ ಇಳಿಯುತ್ತದೆ. ದೈತ್ಯ ಡೀಸೆಲ್‌ಗಳ ಮಿತಿ ಇರುವುದು ಕಾನೂನಿನಲ್ಲಿ: ಬಾಡಿಗೆ ವ್ಯವಹಾರಕ್ಕೆ ಗಾಡಿ, ಭಾರಿ ಟ್ರೈಲರ್ ಸೇರಿ ಅನುಮತಿತ ತೂಕ 11.8 ಟನ್ ಮೀರಿದರೆ ಅಮೆರಿಕದಲ್ಲಿ ಲಾರಿ ಚಾಲಕರ ಪರವಾನಗಿಯೇ ಬೇಕು, 18 ಟನ್ ಎಳೆಯುವ ಪಿಕಪ್ ಅದನ್ನು ಎಂದೋ ದಾಟಿದೆ. ಜಗ್ಗುವ ಬಲ ಎಂದೂ ಮುಖ್ಯ ಕೊರತೆಯಾಗಿರಲಿಲ್ಲ ಎಂಬ ವಾದಕ್ಕೆ ಇವೆಲ್ಲ ಸಾಕ್ಷಿ. ಮಿತಿ ರೇಡಿಯೇಟರಿನಿಂದ ಬ್ರೇಕಿಗೆ, ಅಲ್ಲಿಂದ ಕೊಕ್ಕೆಗೆ, ಬ್ಯಾಟರಿಗೆ, ಕೊನೆಗೆ ಚಾಲಕನ ಕೈಗೆ ಸರಿಯುತ್ತ ಬಂದಿದೆ. ಆದ್ದರಿಂದ ಎರಡು ತಲೆಮಾರಿನ ಗಾಡಿಗಳನ್ನು ಹೋಲಿಸುವವರು ಎಷ್ಟು ಟನ್ ಎಂದು ಕೇಳುವ ಮೊದಲು ಯಾವ ಏರಿನಲ್ಲಿ, ಯಾವ ವೇಗದಲ್ಲಿ, ಇಳಿಯುವಾಗ ಯಾವ ಬ್ರೇಕಿನ ಭರವಸೆಯ ಮೇಲೆ ಎಂದು ಕೇಳಬೇಕು. ಹಾಗೆ ಕೇಳಿದಾಗ ಹೊಸ ಗಾಡಿ ಗೆಲ್ಲುತ್ತದೆ; ಆದರೆ ಜಾಹೀರಾತು ಹೇಳುವ ಕಾರಣಕ್ಕಲ್ಲ.